ಪಾಸ್‌ಪೋರ್ಟ್ ಕೂಸಿಗೆ, ಪರೀಕ್ಷೆ ಅಪ್ಪ-ಅಮ್ಮನಿಗೆ

ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಸುದ್ದಿ ಊರಿಗೆ ಮುಟ್ಟಿ ಐದು ನಿಮಿಷ ಆಗಿರುವುದಿಲ್ಲ, ಫೋನಿನ ಆ ಕಡೆಯಿಂದ ಯಾರೋ ಒಬ್ಬ ದೊಡ್ಡಪ್ಪ ತೀರ್ಪು ಕೊಟ್ಟುಬಿಡುತ್ತಾರೆ: "ಅಲ್ಲೇ ಹುಟ್ಟಿತಲ್ಲಪ್ಪಾ, ಇನ್ನೇನು, ಮಗು ಬ್ರಿಟಿಷ್ ಆಯ್ತು ಬಿಡು!" ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ. ಅವರ ಮಾಹಿತಿಗೆ ನಲವತ್ತು ವರ್ಷ ದಾಟಿದೆ, ಅಷ್ಟೆ. 1982ರ ಕೊನೆಯ ದಿನದವರೆಗೆ, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಆ ನೆಲದಲ್ಲಿ ಹುಟ್ಟಿದವರೆಲ್ಲ ಬ್ರಿಟಿಷರೇ. 1981ರ ಬ್ರಿಟಿಷ್ ನ್ಯಾಷನಾಲಿಟಿ ಆ್ಯಕ್ಟ್ 1983ರ ಜನವರಿ 1ರಂದು ಜಾರಿಗೆ ಬಂತು ನೋಡಿ, ಆವತ್ತಿನಿಂದ ಕೂಸು ಎಲ್ಲಿ ಹುಟ್ಟಿತು ಎಂಬುದರ ಜೊತೆಗೆ ಅದು ಹುಟ್ಟಿದಾಗ ಅಪ್ಪ-ಅಮ್ಮ ಏನಾಗಿದ್ದರು ಎಂಬ ಪ್ರಶ್ನೆಯೂ ಸೇರಿಕೊಂಡಿತು. ಇಬ್ಬರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲವೇ ಗಡುವಿಲ್ಲದೆ ಅಲ್ಲಿ ವಾಸಿಸುವ ಹಕ್ಕು ಪಡೆದಿರಬೇಕು. ನಮ್ಮವರ ಬಾಯಲ್ಲಿ ಇದು ಪಿಆರ್, ಹೋಮ್ ಆಫೀಸ್ ಎಂಬ ಅಲ್ಲಿನ ಗೃಹ ಇಲಾಖೆಯ ಕಾಗದದಲ್ಲಿ ಐಎಲ್‌ಆರ್.

ಹಾಗಾಗಿ ಪಾಸ್‌ಪೋರ್ಟಿನ ಮೇಲೆ ಬೀಳುವುದು ಕೂಸಿನ ಫೋಟೊ, ಪರೀಕ್ಷೆಗೆ ಕೂರುವವರು ಹೆತ್ತವರು. ಪ್ರಶ್ನೆಪತ್ರಿಕೆಯಲ್ಲಿ ಇರುವುದೂ ಒಂದೇ ಪ್ರಶ್ನೆ: ಮಗು ಹುಟ್ಟಿದ ದಿನ ನಿಮ್ಮ ಸ್ಟೇಟಸ್ ಏನಿತ್ತು? ಇವತ್ತು ಏನಿದೆ ಎಂದು ಯಾರೂ ಕೇಳುತ್ತಿಲ್ಲ. ಫೇಲಾಗುವವರಲ್ಲಿ ಹೆಚ್ಚಿನವರು ಇವತ್ತಿನ ಉತ್ತರ ಬರೆದು ಬಂದವರೇ.

ತಾರೀಖಿನ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂದರೆ, ಐಎಲ್‌ಆರ್ ಮಂಜೂರಾದದ್ದು ಹದಿನಾಲ್ಕನೇ ತಾರೀಖು, ಮಗು ಹುಟ್ಟಿದ್ದು ಹದಿಮೂರರ ರಾತ್ರಿ ಎಂದಾದರೆ ಆ ಮಗು ಹುಟ್ಟಿನಿಂದ ಬ್ರಿಟಿಷ್ ಅಲ್ಲ. ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ, ಬೆರಳಚ್ಚು ಕೊಟ್ಟ ದಿನ ಲೆಕ್ಕಕ್ಕಿಲ್ಲ, ದುಡ್ಡು ಕಟ್ಟಿದ ದಿನವಂತೂ ಯಾರ ಲೆಕ್ಕದಲ್ಲೂ ಇಲ್ಲ. ಮಂಜೂರಾತಿ ಪತ್ರದ ಮೇಲಿನ ತಾರೀಖೊಂದೇ ಲೆಕ್ಕ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ ಮುಗಿಸುತ್ತಿರುವ ದಂಪತಿಗಳ ಮನೆಯ ಕ್ಯಾಲೆಂಡರ್ ಈ ಕಾರಣಕ್ಕೇ ವಿಚಿತ್ರವಾಗಿರುತ್ತದೆ. ಒಂದು ಪುಟದಲ್ಲಿ ಡಾಕ್ಟರ್ ಕೊಟ್ಟ ಹೆರಿಗೆಯ ತಾರೀಖಿಗೆ ಕೆಂಪು ಸುತ್ತು, ಇನ್ನೊಂದರಲ್ಲಿ ಐದು ವರ್ಷ ತುಂಬುವ ದಿನಕ್ಕೆ ನೀಲಿ ಸುತ್ತು, ಅದಕ್ಕೂ 28 ದಿನ ಮುಂಚೆ ಒಂದು ಬಾಣದ ಗುರುತು. ಏಕೆಂದರೆ ಅವಧಿ ತುಂಬುವ 28 ದಿನ ಮೊದಲೇ ಐಎಲ್‌ಆರ್ ಅರ್ಜಿ ಹಾಕಬಹುದು. ಮೇಲೆ ಸಾವಿರ ಪೌಂಡ್ ತೆತ್ತು ಸೂಪರ್ ಪ್ರಯಾರಿಟಿ ತೆಗೆದುಕೊಂಡರೆ, ಬೆರಳಚ್ಚು ಕೊಟ್ಟ ಮಾರನೆಯ ಕೆಲಸದ ದಿನದೊಳಗೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಒಳಗಿರುವ ಕೂಸಿಗೆ ಮಾತ್ರ ಇದ್ಯಾವುದನ್ನೂ ಯಾರೂ ತಿಳಿಸಿರುವುದಿಲ್ಲ.

ಕೂಸು ಮೊದಲು ಬಂದು ಐಎಲ್‌ಆರ್ ಹಿಂದೆ ಬಂತೇ? ಆಕಾಶವೇನೂ ಕಳಚಿ ಬೀಳುವುದಿಲ್ಲ, ಜೇಬಿಗೆ ಮಾತ್ರ ದೊಡ್ಡ ತೂತು. ಅಪ್ಪನಿಗೋ ಅಮ್ಮನಿಗೋ ಐಎಲ್‌ಆರ್ ಸಿಕ್ಕಮೇಲೆ, ಮಗುವಿಗೆ 18 ತುಂಬುವುದರೊಳಗೆ, ಎಂಎನ್1 ಎಂಬ ಫಾರ್ಮಿನಲ್ಲಿ ಪೌರತ್ವ ನೋಂದಣಿಗೆ ಹಾಕಬೇಕು. ಅದರ ಪ್ರಮಾಣಪತ್ರ ಕೈಗೆ ಬಂದ ನಂತರ ಪಾಸ್‌ಪೋರ್ಟ್. ಮಗುವಿನ ಪಾಸ್‌ಪೋರ್ಟಿನ ಫೀ ನೂರು ಪೌಂಡಿನ ಒಳಗೇ ಮುಗಿದರೆ ಈ ನೋಂದಣಿಯ ಫೀ ಅದರ ಹಲವು ಪಟ್ಟು. ಆ ದುಡ್ಡು ಉಳಿಸಲು "ನೇರ ಪಾಸ್‌ಪೋರ್ಟಿಗೇ ಹಾಕಿ ನೋಡೋಣ, ಕೊಟ್ಟರೆ ಕೊಡಲಿ" ಎನ್ನುವ ಜಾಣರು ಪ್ರತಿ ಊರಿನಲ್ಲೂ ಇದ್ದಾರೆ. ಪಾಸ್‌ಪೋರ್ಟ್ ಆಫೀಸಿನವರು ಕೊಡುವುದಿಲ್ಲ, ಕಟ್ಟಿದ ಫೀ ವಾಪಸ್ಸೂ ಇಲ್ಲ.

ಇನ್ನೊಂದು ಗಾಬರಿಯೂ ಇದರ ಜೊತೆ ಉಚಿತವಾಗಿ ಬರುತ್ತದೆ: ಮಗುವಿಗೆ ವೀಸಾನೇ ಇಲ್ಲವಲ್ಲ, ಪೊಲೀಸರು ಬರುತ್ತಾರಾ? ಬರುವುದಿಲ್ಲ. ಅಲ್ಲಿ ಹುಟ್ಟಿ ಅಲ್ಲೇ ಇರುವ ಮಗು ವೀಸಾ ಇಲ್ಲದೆ ತೊಟ್ಟಿಲಲ್ಲಿ ಮಲಗಿದ್ದರೆ ಅಪರಾಧವಲ್ಲ. ಕಷ್ಟ ಶುರುವಾಗುವುದು ಅದು ಅಜ್ಜಿಯನ್ನು ನೋಡಲು ಭಾರತಕ್ಕೆ ಹೋಗಿ ವಾಪಸ್ ಬರುವಾಗ. ಬ್ರಿಟಿಷ್ ಆಗಿಲ್ಲದ ಮಗುವಿಗೆ ಹೈಕಮಿಷನ್ ಮೂಲಕ ಭಾರತದ ಪಾಸ್‌ಪೋರ್ಟ್ ಮಾಡಿಸಿ, ಡಿಪೆಂಡೆಂಟ್ ವೀಸಾ ಹಾಕಿಸಿಯೇ ಕರೆತರಬೇಕು.

ಅಜ್ಜಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುವುದು ಒಳ್ಳೆಯದು. "ಚೊಚ್ಚಲ ಹೆರಿಗೆ, ತವರಿಗೆ ಬಂದುಬಿಡು, ಬಾಣಂತನ ನಾವು ಮಾಡ್ತೀವಿ" ಎಂಬ ಕರೆಗೆ ಕರಗುವ ಮುಂಚೆ ಇಬ್ಬರ ಸ್ಟೇಟಸ್ಸನ್ನೂ ಒಮ್ಮೆ ನೋಡಿಕೊಳ್ಳಿ. ಬರೀ ಐಎಲ್‌ಆರ್ ಇದ್ದವರ ಮಗು ದಾವಣಗೆರೆಯಲ್ಲಿ ಹುಟ್ಟಿದರೆ ಆ ಐಎಲ್‌ಆರ್ ಮಗುವಿನ ಪೌರತ್ವಕ್ಕೆ ನಯಾಪೈಸೆ ಉಪಯೋಗಕ್ಕಿಲ್ಲ. ಹುಟ್ಟು ಬ್ರಿಟನ್ನಿನಲ್ಲೇ ಆಗಬೇಕು. ಅಪ್ಪನೋ ಅಮ್ಮನೋ ಅಲ್ಲಿದ್ದುಕೊಂಡು ಅಷ್ಟರೊಳಗೆ ಬ್ರಿಟಿಷ್ ಪೌರತ್ವವನ್ನೇ ಪಡೆದಿದ್ದರೆ ಮಾತು ಬೇರೆ. ಆಗ ತವರಿನ ಮೆಣಸಿನ ಸಾರು ಉಂಡು, ಎಣ್ಣೆನೀರು ಹಾಕಿಸಿಕೊಂಡು ಹುಟ್ಟಿದರೂ ಮಗು ಬ್ರಿಟಿಷ್ಷೇ. ಆದರೆ ಅದು ವಂಶದಿಂದ ಬಂದ ಪೌರತ್ವವಾದ್ದರಿಂದ, ಮುಂದೆ ಆ ಮಗುವಿಗೆ ವಿದೇಶದಲ್ಲಿ ಹುಟ್ಟುವ ಮಕ್ಕಳಿಗೆ ತಾನಾಗಿ ದಾಟುವುದಿಲ್ಲ. ಅಜ್ಜಿಗೆ ಇಷ್ಟೆಲ್ಲ ವಿವರಿಸಲು ಹೋಗಬೇಡಿ, "ಡಾಕ್ಟ್ರು ಪ್ರಯಾಣ ಬೇಡ ಅಂದ್ರು" ಎಂದರೆ ಸಾಕು.

ಸರಿ, ತಾರೀಖುಗಳು ಕೂಡಿಬಂದವು ಎಂದುಕೊಳ್ಳೋಣ. ಈಗ ಕಾಗದ. ಮೊದಲನೆಯದು ಜನನ ಪ್ರಮಾಣಪತ್ರ. ಇಂಗ್ಲೆಂಡ್, ವೇಲ್ಸ್‌ನಲ್ಲಾದರೆ 42 ದಿನದೊಳಗೆ, ಸ್ಕಾಟ್ಲೆಂಡಿನಲ್ಲಾದರೆ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಇದರಲ್ಲಿ ಗಿಡ್ಡದು, ಪೂರ್ತಿಯದು ಎಂದು ಎರಡು ಬಗೆ. ಗಿಡ್ಡದರಲ್ಲಿ ಮಗುವಿನ ವಿವರ ಮಾತ್ರ ಇರುತ್ತದೆ, ಅಪ್ಪ-ಅಮ್ಮನ ಸುಳಿವಿಲ್ಲ. ಪರೀಕ್ಷೆ ನಿಮ್ಮದಾದ ಮೇಲೆ ನಿಮ್ಮ ಹೆಸರೇ ಇಲ್ಲದ ಕಾಗದ ಕಳಿಸಿ ಏನು ಫಲ? ಪೂರ್ತಿಯದನ್ನೇ ಕೇಳಿ, ಎರಡು ಪ್ರತಿ ತೆಗೆದಿಟ್ಟುಕೊಳ್ಳಿ.

ನಮ್ಮವರು ಮುಗ್ಗರಿಸುವುದು ರಿಜಿಸ್ಟ್ರಾರ್ ಮೇಜಿನ ಮುಂದೆಯೇ. ನಿದ್ದೆಗೆಟ್ಟ ಅಪ್ಪ ಎದುರಿಗೆ ಕೂತಿದ್ದಾನೆ. ರಿಜಿಸ್ಟ್ರಾರಮ್ಮ ತಂದೆಯ ಹೆಸರು ಕೇಳುತ್ತಾಳೆ. "ಮಂಜುನಾಥ್ ಎಚ್. ಎಸ್." ಎನ್ನುತ್ತಾನೆ, ಹುಟ್ಟಿದಾಗಿನಿಂದ ಹಾಗೇ ಹೇಳಿ ಅಭ್ಯಾಸ. ಪಾಸ್‌ಪೋರ್ಟಿನಲ್ಲಿ ಮಾತ್ರ ಇನಿಷಿಯಲ್ ನಡೆಯದ ಕಾರಣ ಊರು, ಅಪ್ಪ ಎಲ್ಲ ಬಿಡಿಸಿಕೊಂಡು "ಹೊಳೆನರಸೀಪುರ ಶಿವಣ್ಣ ಮಂಜುನಾಥ" ಎಂದು ಒಂದೇ ಸಾಲಿನಲ್ಲಿ ಕೂತಿದೆ, ಕೊನೆಗೊಂದು 'ಅ'ಕಾರ ಸಮೇತ. ಸರ್‌ನೇಮ್ ಕಾಲಂ ಖಾಲಿ. ಈಗ ಮಗುವಿನ ಸರ್ಟಿಫಿಕೇಟಿನಲ್ಲಿರುವ ತಂದೆಯೂ ಐಎಲ್‌ಆರ್ ಪಡೆದ ಮನುಷ್ಯನೂ ಒಬ್ಬನೇ ಎಂದು ಸಾಬೀತು ಮಾಡುವ ಹೊಸ ಕೆಲಸ ಹುಟ್ಟಿಕೊಳ್ಳುತ್ತದೆ. ತಿದ್ದುಪಡಿ ಮಾಡಿಸಬಹುದು, ಆದರೆ ಅಲ್ಲಿ ತಪ್ಪನ್ನು ಅಳಿಸುವ ಪದ್ಧತಿ ಇಲ್ಲ. ಬರೆದದ್ದು ಹಾಗೇ ಉಳಿದು, ಅಂಚಿನಲ್ಲಿ ಸರಿಯಾದದ್ದು ಏನೆಂದು ಷರಾ ಬೀಳುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಓದಬಹುದು. ಸಹಿ ಹಾಕುವ ಮುಂಚೆ ರಿಜಿಸ್ಟ್ರಾರ್ ಓದಿ ನೋಡಲು ಕೊಡುತ್ತಾರೆ; ಆಗ ನಿಮ್ಮ ಪಾಸ್‌ಪೋರ್ಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ.

ಎರಡನೆಯದು ಸ್ಟೇಟಸ್ಸಿನ ಪುರಾವೆ. ಅರ್ಜಿಯಲ್ಲಿ ಬೇಕಾಗುವುದು ಮಗು ಹುಟ್ಟಿದ ದಿನ ನಿಮ್ಮ ಬಳಿ ಇದ್ದ ಪಾಸ್‌ಪೋರ್ಟಿನ ವಿವರ. ಆಮೇಲೆ ನವೀಕರಿಸಿದ್ದರೆ ಹೊಸದರ ನಂಬರು ಬರೆದು ನಿಶ್ಚಿಂತರಾಗಬೇಡಿ. ಮೂಲೆ ಕತ್ತರಿಸಿ, ರದ್ದಾಗಿದೆ ಎಂದು ಮುದ್ರೆ ಒತ್ತಿ ವಾಪಸ್ ಕೊಟ್ಟ ಆ ಹಳೆಯದೇ ಇಲ್ಲಿ ಹೀರೊ. ಇನ್ನು ಬಿಆರ್‌ಪಿ ಎಂಬ ಗುಲಾಬಿ ಛಾಯೆಯ ಪ್ಲಾಸ್ಟಿಕ್ ಕಾರ್ಡಿನದ್ದು ಬೇರೆಯೇ ಪುರಾಣ. ಇರುವ ಹಕ್ಕಿಗೆ ಕೊನೆಯೇ ಇಲ್ಲ, ಅದನ್ನು ತೋರಿಸುವ ಕಾರ್ಡು ಮಾತ್ರ 2024ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ ಎಂದು ಬರೆದಿತ್ತು. ಎಷ್ಟೋ ಮನೆಗಳಲ್ಲಿ ಅದನ್ನು ನೋಡಿ "ಅಯ್ಯೋ, ನಮ್ಮ ಪಿಆರ್ ಹೋಯ್ತು" ಎಂದು ಎದೆ ಹಿಡಿದುಕೊಂಡವರುಂಟು. ಹೋಗಿರಲಿಲ್ಲ. ಕಾರ್ಡಿನ ಜಾಗಕ್ಕೆ ಇ-ವೀಸಾ ಬಂತು, ಎಲ್ಲವೂ ಆನ್‌ಲೈನ್ ಖಾತೆಯೊಳಗೆ ಸೇರಿತು. ಬೇರೆಯವರಿಗೆ ತೋರಿಸಲು 90 ದಿನ ಬಾಳುವ ಶೇರ್ ಕೋಡ್ ತೆಗೆದುಕೊಡಬೇಕು. ಕೆಲಸಕ್ಕೆ ತೆಗೆದದ್ದು ಡಬ್ಲ್ಯು ಅಕ್ಷರದಿಂದ, ಮನೆ ಬಾಡಿಗೆಯದ್ದು ಆರ್‌ನಿಂದ, ಮಿಕ್ಕಿದ್ದಕ್ಕೆಲ್ಲ ಎಸ್‌ನಿಂದ ಶುರುವಾಗುತ್ತದೆ. ಮನೆ ಮಾಲೀಕನಿಗೆ ಕೊಟ್ಟದ್ದನ್ನೇ ಎಲ್ಲ ಕಡೆಗೂ ಕೊಡುತ್ತೇನೆಂದರೆ ಆಗದು.

ಇಷ್ಟಾದರೂ ಕೈಯಲ್ಲಿರಲೇಬೇಕಾದದ್ದು ಐಎಲ್‌ಆರ್ ಮಂಜೂರಾದಾಗ ಬಂದ ಪತ್ರ. ಯಾವ ದಿನದಿಂದ ಎಂಬುದು ಅದರಲ್ಲಿ ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಇಮೇಲಿನಲ್ಲಿ ಬಂದಿದ್ದರೆ ಆವತ್ತೇ ಮುದ್ರಿಸಿ ಫೈಲಿಗೆ ಹಾಕಿ. ಕಂಪನಿಯ ಇಮೇಲಿಗೆ ತರಿಸಿಕೊಂಡು, ಆಮೇಲೆ ಕಂಪನಿ ಬಿಟ್ಟು, ಪತ್ರವನ್ನೂ ಬಿಟ್ಟು ಬಂದವರ ಪಾಡು ಬೇಡ.

ಕಳಿಸುವುದೆಲ್ಲ ಮೂಲಪ್ರತಿಯೇ ಆಗಬೇಕು. ಜೆರಾಕ್ಸ್ ನಡೆಯದು, ಅದರ ಮೇಲೆ ಯಾವ ಗೆಜೆಟೆಡ್ ಅಧಿಕಾರಿಯ ಹಸಿರು ಇಂಕಿನ ಸಹಿ ಇದ್ದರೂ ನಡೆಯದು. ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟೂ ನಡೆಯದು. ಮುಖ್ಯವಾದ ಕಾಗದ ಕೈಗೆ ಬಂದ ಕೂಡಲೇ ಲ್ಯಾಮಿನೇಷನ್ ಅಂಗಡಿಗೆ ಓಡುವುದು ನಮ್ಮ ರಕ್ತದಲ್ಲೇ ಇದೆ, ಏನು ಮಾಡುವುದು. ಹಾಗೆಯೇ ಕೇಳದಿದ್ದರೂ ಕರೆಂಟ್ ಬಿಲ್, ಮೂರು ವರ್ಷದ ಪೇ ಸ್ಲಿಪ್, ಮದುವೆಯ ಆಮಂತ್ರಣ ಪತ್ರಿಕೆ ಎಲ್ಲ ತುರುಕಿ ಲಕೋಟೆ ಉಬ್ಬಿಸುವುದೂ. ಇಬ್ಬರಲ್ಲಿ ಐಎಲ್‌ಆರ್ ಇರುವವರು ಒಬ್ಬರೇ ಆದರೆ ಅವರ ಕಾಗದಕ್ಕೆ ಮುಂದಿನ ಸಾಲು. ಜೊತೆಗೆ ನಾಲ್ಕು ಸಾಲಿನ ಪತ್ರ: ಮಗು ಹುಟ್ಟಿದ ತಾರೀಖು, ಯಾರ ಐಎಲ್‌ಆರ್ ಆಧಾರ, ಅದು ಸಿಕ್ಕ ತಾರೀಖು, ಲಗತ್ತಿಸಿದ ಕಾಗದಗಳ ಪಟ್ಟಿ. ಇಷ್ಟಿದ್ದರೆ ಓದುವವನಿಗೂ ಸುಖ. ನಿಮ್ಮ ಪಾಸ್‌ಪೋರ್ಟ್ ಆ ಲಕೋಟೆಯೊಳಗೆ ಹೋಗಿರುತ್ತದಾದ್ದರಿಂದ ಅದು ವಾಪಸ್ ಬರುವ ತನಕ ಭಾವಮೈದುನನ ಮದುವೆಗೆ ಟಿಕೆಟ್ ಬುಕ್ ಮಾಡಬೇಡಿ.

ಫೋಟೊ ಒಂದು ಸಣ್ಣ ಯುದ್ಧ. ಒಂದು ತಿಂಗಳೊಳಗೆ ತೆಗೆದದ್ದಾಗಿರಬೇಕು, ಹಿನ್ನೆಲೆ ತಿಳಿಬಣ್ಣದ್ದಾಗಿರಬೇಕು. ವರ್ಷ ತುಂಬದ ಕೂಸಿಗೆ ಕಣ್ಣು ತೆರೆದಿರಬೇಕೆಂಬ ಕಡ್ಡಾಯವಿಲ್ಲ, ಆರು ವರ್ಷದೊಳಗಿನವರು ಕ್ಯಾಮೆರಾ ನೋಡದಿದ್ದರೂ ನಡೆಯುತ್ತದೆ. ಆದರೆ ಬಾಯಲ್ಲಿ ನಿಪ್ಪಲ್, ಕೈಯಲ್ಲಿ ಆಟಿಕೆ ಇರಕೂಡದು. ತಲೆಗೆ ಕೈ ಆನಿಸಬಹುದು, ಆ ಕೈ ಫೋಟೊದಲ್ಲಿ ಕಾಣಕೂಡದು. ಮಂಚದ ಮೇಲೆ ಬಿಳಿ ಬೆಡ್‌ಶೀಟನ್ನು ಸುಕ್ಕಿಲ್ಲದೆ ಎಳೆದು ಹಾಸಿ, ಕಿಟಕಿಯ ಬೆಳಕಿನಲ್ಲಿ ಕೂಸನ್ನು ಮಲಗಿಸಿ, ನೆರಳು ಬೀಳದಂತೆ ಮೇಲಿನಿಂದ ತೆಗೆಯುವುದು ಸುಲಭದ ದಾರಿ. ಕೆನ್ನೆಯ ದೃಷ್ಟಿಬೊಟ್ಟನ್ನು ಮೊದಲೇ ಒರೆಸಿಬಿಡಿ, ಅಜ್ಜಿ ಬೇಕಾದರೆ ಆಮೇಲೆ ನಿವಾಳಿಸಲಿ.

ಕೊನೆಗೆ ಸಾಕ್ಷಿ. ಈ ಫೋಟೊ ಈ ಮಗುವಿನದ್ದೇ ಎಂದು ದೃಢೀಕರಿಸುವವರು ಚಾಲ್ತಿಯಲ್ಲಿರುವ ಬ್ರಿಟಿಷ್ ಅಥವಾ ಐರಿಷ್ ಪಾಸ್‌ಪೋರ್ಟ್ ಹೊಂದಿ, ಅಲ್ಲೇ ವಾಸವಿದ್ದು, ಅರ್ಜಿ ಹಾಕುವ ಅಪ್ಪನನ್ನೋ ಅಮ್ಮನನ್ನೋ ಕನಿಷ್ಠ ಎರಡು ವರ್ಷದಿಂದ ಬಲ್ಲವರಾಗಿರಬೇಕು. ನೆಂಟರು ಆಗದು, ಒಂದೇ ಮನೆಯಲ್ಲಿರುವವರೂ ಆಗದು. ಮಾನ್ಯ ವೃತ್ತಿಗಳ ಪಟ್ಟಿಯಲ್ಲಿ ಶಿಕ್ಷಕರು, ಅಕೌಂಟೆಂಟ್, ದಂತವೈದ್ಯರು, ಕನ್ನಡಕದ ಆಪ್ಟಿಷಿಯನ್, ಶವಸಂಸ್ಕಾರ ನಡೆಸುವವರು ಸಹ ಇದ್ದಾರೆ. ನಿಮಗೆ ಮದ್ದು ಕೊಡುವ ಡಾಕ್ಟರು ಮಾತ್ರ, ಒಳ್ಳೆಯ ಸ್ನೇಹಿತರೂ ಆಗಿದ್ದರೆ ಹೊರತು, ಸಲ್ಲುವುದಿಲ್ಲ. ಯುಗಾದಿ ಕೂಟಕ್ಕೆ ಹೋದರೆ ಅರ್ಧ ಸಭಾಂಗಣ ಡಾಕ್ಟರುಗಳೇ ತುಂಬಿರುವ ನಮ್ಮ ಜನಕ್ಕೆ ಇದು ವಿಧಿಯ ಅಣಕ. ಅಲ್ಲಿ ಸಿಗುವ ಹಿರಿಯರನ್ನು "ನಮ್ಮ ಚಿಕ್ಕಪ್ಪ ಇದ್ದ ಹಾಗೆ" ಎಂದು ಪ್ರೀತಿಯಿಂದ ಕರೆಯಿರಿ, ತೊಂದರೆಯಿಲ್ಲ. ಅರ್ಜಿಯಲ್ಲಿ ಮಾತ್ರ ಹಾಗೆ ಬರೆಯಬೇಡಿ. ಆನ್‌ಲೈನ್ ಅರ್ಜಿಯಾದರೆ ಅವರಿಗೆ ಇಮೇಲ್ ಹೋಗುತ್ತದೆ. ಅದು ಸ್ಪ್ಯಾಮ್ ಫೋಲ್ಡರಿನಲ್ಲಿ ಮಲಗಿದ್ದರೆ ನಿಮ್ಮ ಅರ್ಜಿಯೂ ಅಲ್ಲೇ ಮಲಗಿರುತ್ತದೆ, ಫೋನ್ ಮಾಡಿ ಎಬ್ಬಿಸಿ.

ಪಾಸ್‌ಪೋರ್ಟ್ ಬಂದಮೇಲೆ ಭಾರತಕ್ಕೆ ಹೊರಡುವ ಮುನ್ನ ಮಗುವಿಗೆ ವೀಸಾ ಅಥವಾ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡು) ಬೇಕು, ಎರಡು ದೇಶದ ಪೌರತ್ವವನ್ನು ಭಾರತ ಒಪ್ಪುವುದಿಲ್ಲವಲ್ಲ. ಅಪ್ಪ-ಅಮ್ಮ ಭಾರತೀಯರ ಸಾಲಿನಲ್ಲಿ, ಎದೆಗವಚಿಕೊಂಡ ಕೂಸು ವಿದೇಶಿ. ಮಕ್ಕಳ ಪಾಸ್‌ಪೋರ್ಟಿನ ಆಯಸ್ಸು ಐದೇ ವರ್ಷ. ನವೀಕರಣದಲ್ಲಿ ಹಳೆಯ ಪಾಸ್‌ಪೋರ್ಟೇ ಆಧಾರ, ನಿಮ್ಮ ಐಎಲ್‌ಆರ್ ಪುರಾಣ ಮತ್ತೆ ಬಿಚ್ಚಬೇಕಿಲ್ಲ. ಆದರೆ ಮಗು 11 ವರ್ಷ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಸಾಕ್ಷಿಯವರು ಮತ್ತೆ ಬೇಕೇ ಬೇಕು. ಅಲ್ಲಿಯತನಕ ಆ ಆಪ್ಟಿಷಿಯನ್ ಜೊತೆ ಕನ್ನಡಕದ ಬಿಲ್ಲಿಗಾಗಿ ಜಗಳ ಕಾಯಬೇಡಿ.