ಆಸ್ಪೆನ್ನಾಗ ದುಡಿಯೋರಿಗೆ ಮನಿ ಅದ, ಬೀದರ್‌ನಾಗೂ ಬೇಕು

ನಾ ಬೀದರ್‌ನವ, ಈಗ ಅಮೆರಿಕದ ಕೊಲೊರಾಡೊದಾಗ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಅನ್ನೋ ಊರಾಗ ಇರ್ತೀನಿ, ಇಲ್ಲಿಂದ ಗುಡ್ಡದ ಕಡಿ ಸುಮಾರು 65 ಕಿಲೋಮೀಟರ್ ಹೋದ್ರ ಆಸ್ಪೆನ್ ಬರ್ತದ, ಸಾಹುಕಾರ ಮಂದಿ ಸ್ಕೀ ಮಾಡ್ಲಾಕ, ಅಂದ್ರ ಹಿಮದ ಮ್ಯಾಲ ಜಾರೋ ಆಟ ಆಡ್ಲಾಕ, ಬರೋ ಊರು. ಬೀದರ್‌ಗ ಟೂರಿಸಂ ಬರ್ಬೇಕು ಅಂತ ಊರಿನ ಗೆಳೆಯರು ಅಂದಾಗೆಲ್ಲ ನಂಗ ಆಸ್ಪೆನ್ ನೆನಪಾಗ್ತದ.

ಅದು ಮೊದಲು ಬೆಳ್ಳಿ ಗಣಿ ಊರು. 1893ರಾಗ ಬೆಳ್ಳಿ ರೇಟ್ ಬಿತ್ತು, ಗಣಿ ಮುಚ್ಚಿದ್ವು, ಸಾವಿರಾರು ಮಂದಿ ಇದ್ದಲ್ಲಿ 1930ರಾಗ ಬರೇ 705 ಮಂದಿ ಉಳಿದ್ರು. 1947ರಾಗ ಮಂದಿನ ಗುಡ್ಡದ ಮ್ಯಾಲ ಒಯ್ಯೋ ದೊಡ್ಡ ಸ್ಕೀ ಲಿಫ್ಟ್ ಶುರು ಆಯ್ತು, ರೊಕ್ಕ ಬಂತು, ಮನಿ ರೇಟ್ ಏರಿ ಏರಿ ಕಡೀಕ ಮಾಸ್ತರು, ನರ್ಸು, ಅಡಗಿಯವ್ರು ಯಾರಿಗೂ ಅಲ್ಲಿ ಇರೋದು ಆಗದಂಗಾಯ್ತು. ಚಳಿಗಾಲದಾಗ ನಸುಕಿನ ಬಸ್ ನೋಡ್ಬೇಕ್ರಿ, ಹಿಮ ಮೆತ್ತಿದ ಬೂಟು, ಕಿಟಕಿಗೆ ತಲಿ ಆನಿಸಿ ನಿದ್ದಿ, ಹೋಟೆಲ್ ರೂಮ್ ಸ್ವಚ್ಛ ಮಾಡೋ ಹೆಣ್ಮಕ್ಕಳೆಲ್ಲ ಕೆಳಗಿನ ಊರುಗಳಿಂದನೇ ಹೋಗ್ತಾರ, ಮ್ಯಾಲ ಬಂಗಲೆಗಳು ವರ್ಷದಾಗ ಎಷ್ಟೋ ತಿಂಗಳು ಖಾಲಿ ಬಿದ್ದಿರ್ತಾವ.

ಆದ್ರ ಆ ಊರು ಕೈಕಟ್ಟಿ ಕೂಡಲಿಲ್ಲ, ಇದು ನಂಗ ಭಾಳ ಹಿಡಿಸಿದ ಮಾತು. ಆಸ್ತಿ ಮಾರಾಟದ ಮ್ಯಾಲ ಶೇಕಡಾ 1ರಷ್ಟು ತೆರಿಗಿ ದುಡಿಯೋರ ಮನಿಗೆ ಅಂತಲೇ ತಗೊಳ್ತಾರ. ಅಂಥ ಮನಿ ಈಗ ಸುಮಾರು 3,000 ಅದಾವ, ವರ್ಷಕ್ಕ ಕಡಿಮಿ ಅಂದ್ರೂ 1,500 ತಾಸು ಅದೇ ಕೌಂಟಿಯಾಗ (ನಮ್ಮ ಜಿಲ್ಲಾ ಇದ್ದಂಗ) ಕೆಲಸ ಮಾಡೋರಿಗೇ ಅವು ಸಿಗೋದು, ಮಾರೋವಾಗ ಮನಸಿಗೆ ಬಂದ ರೇಟ್ ಹಚ್ಚಂಗಿಲ್ಲ. ಇಷ್ಟಾದ್ರೂ ಬಸ್ ತುಂಬೇ ಹೋಗ್ತದ, ಯಾಕಂದ್ರ ಈ ಮನಿ ಕಟ್ಟೋದು ರೇಟ್ ಏರಿದ ಮ್ಯಾಲ ಶುರು ಮಾಡಿದ್ರು.

ನಮ್ಮ ಬೀದರ್‌ನಾಗ ಇನ್ನೂ ಟೈಮ್ ಅದ. ಕೋಟೆ ಅದ, 1472ರ ಮಹಮೂದ್ ಗವಾನ್ ಮದರಸಾ ಅದ, ಬಿದರಿ ಕೆಲಸ ಅದ. ಬಿದರಿ ಸಾಮಾನಿಗೆ ಬೆಳ್ಳಿ ತಂತಿ ಕೂಡಿಸಿ, ಉಜ್ಜಿ, ಕಡೀಕ ಕೋಟೆ ಒಳಗಿನ ಮಣ್ಣು ನವಸಾಗರ ಕೂಡಿಸಿ ಹಚ್ಚಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಮಾತ್ರ ಹಂಗೇ ಹೊಳೀತದ. ಟೂರಿಸ್ಟ್ ಬರೋದು ಇದನ್ನ ನೋಡ್ಲಾಕ, ಮತ್ತ ಇದನ್ನ ಮಾಡೋ ಉಸ್ತಾದ್ ಬಾಡಿಗಿ ಕಟ್ಟಲಾರದೆ ಹಳೆ ಊರು ಬಿಟ್ಟು ಹೋದ್ರ ಹೋಟೆಲ್‌ನವ್ರು ತೋರಿಸೋದರೆ ಏನು? ನಮ್ಮ ಹುಡುಗ್ರು ಮೊದಲೇ ಹೈದರಾಬಾದ್ ಬಸ್ ಹತ್ಲತ್ತಾರ.

ಅದಕ್ಕ ಹೋಟೆಲ್, ರೆಸಾರ್ಟಿಗೆ ಪರ್ಮಿಷನ್ ಕೊಡೋವಾಗನೇ ಕೆಲಸದವ್ರ ಮನಿಗೆ ಜಾಗ ಎಲ್ಲಿ ತೋರ್ಸು ಅಂತ ಕೇಳ್ಬೇಕು, ಆಸ್ಪೆನ್ನಾಗ ಹೊಸದಾಗಿ ಕಟ್ಟೋರಿಗೆ ಇಂಥ ಶರತ್ತು ಅದ. ರಿಜಿಸ್ಟ್ರೇಷನ್‌ದಾಗ ನಾವು ಕಟ್ಟೋ ಸ್ಟಾಂಪ್ ಡ್ಯೂಟಿಯೊಳಗ ಒಂದು ಪಾಲು ಕೋಟೆ ಸುತ್ತ ದುಡಿಯೋರ ಮನಿಗೆ ಇಡ್ರಿ ಅಂತನೂ ಕೇಳ್ಬೇಕು, ಜಾಗದ ರೇಟ್ ಇನ್ನೂ ಕೈಗೆ ಸಿಗೋ ಹಂಗ ಇರೋವಾಗನೇ.