ಕದ್ದು ತಿಂತೀಯಾ ಎಂದು ಕೇಳುವವರಿಗೆ

ಮೊನ್ನೆ ನೀರ್ಚಾಲಿನ ಹತ್ತಿರ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಹೋಳಿಗೆ ಬಂತು, ಒಂದು ಸಾಕು ಅಂದೆ. ಪಕ್ಕದಲ್ಲಿ ಕೂತಿದ್ದ ದೂರದ ಸಂಬಂಧದ ದೊಡ್ಡಮ್ಮ ನನ್ನ ತೋಳು ಹಿಡಿದು, "ಎಂತ ಮಗಾ, ಇಲ್ಲಿ ಒಂದು ಸಾಕು ಹೇಳ್ತಿ, ಮನೆಯಲ್ಲಿ ಕದ್ದು ತಿಂತೀಯಾ ಹೇಗೆ? ಎರಡು ವರ್ಷ ಆಯ್ತು ಡಯಟ್ ಹೇಳ್ಲಿಕ್ಕೆ ಶುರು ಮಾಡಿ, ಕಾಣುದಿಲ್ಲಲ್ಲ" ಎಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅವರದ್ದು ಕೆಟ್ಟ ಮನಸ್ಸಲ್ಲ, ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವರು. ಆದರೆ ಆ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಎಲೆ ಮಡಚಿ ಎದ್ದು ಬಂದೆ.

ದಪ್ಪ ಅಂದದ್ದಕ್ಕೆ ಬೇಸರ ಅಲ್ಲ. ದಪ್ಪ ಇದ್ದೇನೆ, ಕನ್ನಡಿ ನನಗೂ ಉಂಟು. ಸುಳ್ಳು ಹೇಳ್ತಿದ್ದೇನೆ ಅಂದದ್ದಕ್ಕೆ ಬೇಸರ.

ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ನನಗೆ 43 ವರ್ಷ, ಎತ್ತರ 154 ಸೆಂಟಿಮೀಟರ್, ಕನ್ನಡ ಶಾಲೆಯಲ್ಲಿ ಟೀಚರ್. ಶುರು ಮಾಡಿದಾಗ ತೂಕ 78 ಕೆಜಿ. ಮೊದಲ ಏಳು ತಿಂಗಳಲ್ಲಿ ಆರೂವರೆ ಕೆಜಿ ಇಳಿಯಿತು. ಆಮೇಲೆ ಮುಳ್ಳು 71ರಿಂದ 72ರ ನಡುವೆ ನಿಂತದ್ದು ಇವತ್ತಿನವರೆಗೂ ಅಲ್ಲೇ ಇದೆ. ಒಂದು ವರ್ಷ ಐದು ತಿಂಗಳು. ಚಹಾಕ್ಕೆ ಸಕ್ಕರೆ ಇಲ್ಲ, ಬೇಕರಿ ಇಲ್ಲ, ರಾತ್ರಿ ಎಂಟರ ಮೇಲೆ ಊಟ ಇಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ನಡಿಗೆ.

ನಡಿಗೆ ಅಂದರೆ ನಮ್ಮಲ್ಲಿ ಅಷ್ಟು ಸುಲಭ ಅಲ್ಲ. ಪೇಟೆಯ ಹಾಗೆ ಪಾರ್ಕು ಇಲ್ಲ. ಬದಿಯಡ್ಕದ ರಸ್ತೆಯಲ್ಲಿ ಕತ್ತಲೆಗೆ ನಡೆದರೆ ಒಂದು ಕಡೆ ಬಸ್ಸು, ಇನ್ನೊಂದು ಕಡೆ ಚರಂಡಿ, ಮಧ್ಯದಲ್ಲಿ ನಾಯಿಗಳ ಹಿಂಡು. ಕೈಯಲ್ಲಿ ಕೋಲು ಹಿಡಿದೇ ಹೋಗುವುದು. ಮಳೆ ಶುರುವಾದರೆ ಅದೂ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬೇಗ ಶಾಲೆಗೆ ಹೋಗಿ ಮಕ್ಕಳು ಬರುವ ಮೊದಲು ಉದ್ದದ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ 60 ಸಲ ನಡೆದಿದ್ದೇನೆ. ಆಟಿ ತಿಂಗಳಿನಲ್ಲಿ ಮಾಡಿನ ನೀರು ಸುರಿಯುವ ಶಬ್ದಕ್ಕೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ್ದೂ ಉಂಟು. ಇದೆಲ್ಲ ಯಾರಿಗೂ ಕಾಣುವುದಿಲ್ಲ. ಕಾಣುವುದು ಸೀರೆಯ ಸುತ್ತಳತೆ ಮಾತ್ರ.

ಮುಳ್ಳು ನಿಂತ ಹೊಸತರಲ್ಲಿ ನನಗೇ ನನ್ನ ಮೇಲೆ ಸಂಶಯ ಬಂತು. ಗೊತ್ತಿಲ್ಲದೆ ಏನಾದರೂ ತಿಂತಿದ್ದೇನಾ ಅಂತ ಮೂರು ವಾರ ಪುಸ್ತಕದಲ್ಲಿ ಬರೆದಿಟ್ಟೆ. ನಿಜ ಹೇಳಬೇಕು, ಒಂದು ವಿಷಯ ಸಿಕ್ಕಿತು. ಎಣ್ಣೆ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ನನ್ನ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ ಅಷ್ಟೇ. ನಮ್ಮ ಪಲ್ಯಕ್ಕೆ ಒಗ್ಗರಣೆಗೊಂದು ಚಮಚ, ಮೇಲಿಂದ ಪರಿಮಳಕ್ಕೆ ಇನ್ನೊಂದು ಚಮಚ, ಅದರ ಮೇಲೆ ತೆಂಗಿನತುರಿ. ಬೆಳಗ್ಗಿನ ನಡಿಗೆ ಪೂರ್ತಿ ಮಧ್ಯಾಹ್ನದ ಬಟ್ಟಲಲ್ಲೇ ಹೋಗುತ್ತಿತ್ತು. ಮೇಲಿಂದ ಹಾಕುವ ಎಣ್ಣೆ ನಿಲ್ಲಿಸಿದೆ, ಬೂತಾಯಿ ಮೀನು ಹುರಿಯುವುದು ಬಿಟ್ಟು ಹುಳಿ, ಮೆಣಸಿನ ಸಾರು ಪುಳಿಮುಂಚಿ ಮಾಡಿದೆ. ಒಂದು ಕೆಜಿ ಇಳಿಯಿತು. ಎರಡು ತಿಂಗಳಲ್ಲಿ ವಾಪಸ್ ಬಂತು.

ಆಗಲೇ ಮಂಗಳೂರಿಗೆ ಹೋದದ್ದು. ನಮ್ಮ ಕಡೆಯವರಿಗೆ ಏನೇ ಆದರೂ ತಲಪಾಡಿಯಲ್ಲಿ ಕೇರಳದ ಗಡಿ ದಾಟುವುದೇ ದಾರಿ ಅಲ್ವಾ. ಅದಕ್ಕಿಂತ ಮೊದಲು ಸುಸ್ತು ಅಂತ ಬೇರೆ ಕಡೆ ತೋರಿಸಿದಾಗ ಅಲ್ಲಿಯ ಡಾಕ್ಟರು ಸಕ್ಕರೆ ಮಾತ್ರ ಪರೀಕ್ಷೆ ಮಾಡಿಸಿ, ತಲೆ ಎತ್ತಿ ನೋಡದೆ "ಬಾಯಿ ಕಟ್ಟಿ" ಅಂದು ಕಳಿಸಿದ್ದರು. ಈ ಡಾಕ್ಟರು ಥೈರಾಯ್ಡ್ ನೋಡಿಸಿದರು. ಟಿಎಸ್‌ಎಚ್ ಎಂಬ ಹಾರ್ಮೋನು, ಥೈರಾಯ್ಡ್ ಗ್ರಂಥಿ ಸೋತಾಗ ಏರುವಂಥದ್ದು, 9.8 ಇತ್ತು. ಸಾಮಾನ್ಯವಾಗಿ 4ರ ಆಸುಪಾಸಿನೊಳಗೆ ಇರಬೇಕಾದದ್ದು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರೆ. ಚಹಾ, ಕಾಫಿ, ತಿಂಡಿ ಏನಿದ್ದರೂ ಅರ್ಧದಿಂದ ಒಂದು ಗಂಟೆ ಬಿಟ್ಟು. ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಮಾತ್ರೆ ಬಾಯಿಗೆ ಹಾಕಿ ಮೇಲಿಂದ ಚಹಾ ಕುಡಿಯುವವರು ನಮ್ಮ ಊರಲ್ಲೇ ಎಷ್ಟೋ ಜನ ಇದ್ದಾರೆ, ದಯವಿಟ್ಟು ಇದನ್ನು ಗಮನಿಸಿ.

ಹಾಗಾದರೆ ಎಲ್ಲ ಥೈರಾಯ್ಡಿನ ಕೆಲಸ ಅಂತ ನಾನೂ ಅಂದುಕೊಂಡೆ. ಡಾಕ್ಟರು ಅದನ್ನೂ ಒಪ್ಪಲಿಲ್ಲ. ಥೈರಾಯ್ಡಿನಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕೆಜಿ, ಉಳಿದದ್ದಕ್ಕೆ ಕಾರಣ ಬೇರೆ ಎಂದರು. ತೂಕ ಇಳಿದ ಹಾಗೆ ದೇಹಕ್ಕೆ ಬೇಕಾಗುವ ಆಹಾರವೂ ಕಡಿಮೆಯಾಗುತ್ತದೆ, 78 ಕೆಜಿಯನ್ನು ಹೊತ್ತು ನಡೆಯುವ ಖರ್ಚು 71ಕ್ಕೆ ಇಲ್ಲ. ಇಷ್ಟೇ ಆಗಿದ್ದರೆ ಸರಿ. ದೇಹ ಅದಕ್ಕಿಂತಲೂ ಜಾಸ್ತಿ ಉಳಿತಾಯ ಮಾಡಲು ಶುರು ಮಾಡುತ್ತದೆ. ಕೊಬ್ಬು ಕಡಿಮೆಯಾದಾಗ ಲೆಪ್ಟಿನ್ ಎಂಬ ಹಾರ್ಮೋನೂ ಕಡಿಮೆಯಾಗುತ್ತದೆ. ಇದನ್ನು ಕಂಡುಹಿಡಿದದ್ದೇ 1994ರಲ್ಲಿ. ಅದು ಕಡಿಮೆಯಾದರೆ ಮಿದುಳಿಗೆ ಬರಗಾಲ ಬಂತು ಎಂಬ ಸುದ್ದಿ ಹೋದ ಹಾಗೆ. ಹಸಿವು ಏರುತ್ತದೆ, ಖರ್ಚು ಇಳಿಯುತ್ತದೆ.

ಅಮೆರಿಕದ ಟಿವಿಯಲ್ಲಿ ತೂಕ ಇಳಿಸುವ ಒಂದು ಸ್ಪರ್ಧೆ ಇತ್ತು. ಅದರಲ್ಲಿದ್ದ 14 ಜನರನ್ನು ಆರು ವರ್ಷದ ಮೇಲೆ ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ ಪರೀಕ್ಷೆ ಮಾಡಿ 2016ರಲ್ಲಿ ವರದಿ ಕೊಟ್ಟಿತು. ಹೆಚ್ಚಿನವರ ತೂಕ ಬಹುಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ ಸುಮ್ನೆ ಕೂತಿದ್ದಾಗ ಖರ್ಚು ಮಾಡುವ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಡಿಮೆ ಇತ್ತು! ಆರು ವರ್ಷ ಆದರೂ! ಇದನ್ನು ಓದಿದ ರಾತ್ರಿ ನಾನು ಅತ್ತಿದ್ದೇನೆ. ನನ್ನದು ಸೋಮಾರಿತನ ಅಲ್ಲ ಅಂತ ಮೊದಲ ಸಲ ಯಾರೋ ಹೇಳಿದ ಹಾಗಾಯಿತು.

ಇನ್ನೊಂದು ಮಾತು, ಇದು ನಮ್ಮ ಗಡಿಯವರಿಗೆ ಮಾತ್ರ ಅರ್ಥ ಆಗುವಂಥದ್ದು. ಆರೋಗ್ಯ ಕೇಂದ್ರದಲ್ಲಿ ಊಟದ ಬಗ್ಗೆ ಒಂದು ಚೀಟಿ ಕೊಟ್ಟರು, ಪೂರ್ತಿ ಮಲಯಾಳ. ನಾನು ತಡವರಿಸಿ ಓದುತ್ತೇನೆ, ಸಕ್ಕರೆ ಕಾಯಿಲೆ ಇರುವ ನನ್ನ ಅಮ್ಮನಿಗೆ ಒಂದಕ್ಷರ ಬರುವುದಿಲ್ಲ. ಕನ್ನಡದ್ದು ಉಂಟಾ ಕೇಳಿದರೆ ಇಲ್ಲ. ಸರಿ, ಮೊಬೈಲಲ್ಲಿ ಕನ್ನಡದ ವಿಡಿಯೋ ಹಾಕಿಕೊಟ್ಟರೆ ಅದರಲ್ಲಿ ಜೋಳದ ರೊಟ್ಟಿ, ರಾಗಿಮುದ್ದೆ. ಮಲಯಾಳದ್ದರಲ್ಲಿ ಪುಟ್ಟು, ಕಡಲೆ. ನಾವು ತಿನ್ನುವ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ತಂಬುಳಿ, ಗುಜ್ಜೆ, ಪತ್ರೊಡೆ ಯಾರ ಚಾರ್ಟಿನಲ್ಲೂ ಇಲ್ಲ. ಎರಡೂ ಕಡೆಯವರು ನಮ್ಮನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಾವು ಯಾರ ಬಟ್ಟಲು ನೋಡಿ ಉಣ್ಣುವುದು?

ಮಂಗಳೂರಿನ ಆಹಾರ ತಜ್ಞೆಯ ಎದುರು ನಮ್ಮ ಅಡುಗೆಯ ಹೆಸರು ಒಂದೊಂದೇ ಹೇಳಿ ಕೇಳಿಕೊಂಡು ಬಂದೆ. ಗಂಜಿ ಬಿಡಬೇಡಿ, ಸೌಟು ಎಣಿಸಿ ಹಾಕಿ ಅಂದರು. ಅರ್ಧ ಬಟ್ಟಲು ತರಕಾರಿ, ಕಾಲು ಭಾಗ ಅನ್ನ, ಇನ್ನು ಕಾಲು ಭಾಗ ಹೆಸರುಕಾಳೋ ಮೀನೋ ಮೊಟ್ಟೆಯೋ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ, ಸ್ನಾಯು ಕರಗದ ಹಾಗೆ. ಎರಡು ಲೀಟರಿನ ಬಾಟಲಿಗೆ ನೀರು ತುಂಬಿಸಿ ಅದನ್ನೇ ಎತ್ತುತ್ತೇನೆ.

ತೂಕ ಇಳಿಯಿತಾ? ಇಲ್ಲ. ಆದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಎಚ್‌ಬಿಎ1ಸಿ, ಶುರುವಿಗೆ 6.2 ಇದ್ದದ್ದು ಈಗ 5.6. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿನಿಂದ ಹಿಂದೆ ಬಂದಿದ್ದೇನೆ. ಸೊಂಟ 98 ಸೆಂಟಿಮೀಟರಿನಿಂದ 91. ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿಯುವುದಿಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಬರೆದದ್ದೂ ಇದನ್ನೇ. ಊಟ ತಿದ್ದಿ ನಡೆದವರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ 28.5 ಶೇಕಡಾ ಕಡಿಮೆಯಾಯಿತು, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ. ನಮ್ಮ ದೇಶದ ಜನರ ಮೇಲೇ ಮಾಡಿದ ಕೆಲಸ ಇದು. ಊಟದ ಪಂಕ್ತಿಯಲ್ಲಿ ಕೂತು ಇದನ್ನೆಲ್ಲ ದೊಡ್ಡಮ್ಮನಿಗೆ ಹೇಗೆ ಹೇಳುವುದು, ಅದಕ್ಕೇ ಇಲ್ಲಿ ಬರೆದೆ.

ತೂಕ ಇನ್ನೂ ಇಳಿಯಬೇಕು ಅಂತ ಆಸೆ ನನಗೆ ಇದ್ದೇ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಭಾನುವಾರ ಬೆಳಿಗ್ಗೆ ತೂಕದ ಯಂತ್ರ ಹತ್ತುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಆಹಾರ ತಜ್ಞೆ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಮ್ಮನಿಗೆ ಕೊಟ್ಟೆ. ಗಂಜಿ ಎಷ್ಟು ಸೌಟು, ಎಣ್ಣೆ ಎಷ್ಟು ಚಮಚ, ಹಲಸಿನ ಹಣ್ಣು ಎಷ್ಟು ತೊಳೆ. ಅಮ್ಮ ಅದನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿದ್ದಾರೆ. ಮನೆಗೆ ಬಂದ ಆಶಾ ಕಾರ್ಯಕರ್ತೆ ನೋಡಿ ಫೋಟೋ ತೆಗೆದುಕೊಂಡು, "ಟೀಚರೇ, ನಮ್ಮ ವಾರ್ಡಿನ ಅಜ್ಜಿಯಂದಿರಿಗೆ ಕೊಡ್ಲಿಕ್ಕೆ ನಲ್ವತ್ತು ಕಾಪಿ ಮಾಡಿಸ್ಲಾ?" ಎಂದು ಕೇಳಿದರು. ಮಾಡಿಸಿ ಅಂದೆ. ಬೇಕಾದವರು ಕೇಳಿ, ನಿಮಗೂ ಕಳಿಸುತ್ತೇನೆ.