ತವರು ಪಂದ್ಯ ಅಂದ್ರೆ ಬಸ್ಸು ಹತ್ತಿ ಹೋಗಬೇಕಾ?

ನನ್ನ ಅಕ್ಕನ ಮಗ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಅವನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ತಂಡ 1982ರಿಂದ ತನ್ನ ತವರು ಪಂದ್ಯಗಳನ್ನು ಆಡುತ್ತ ಬಂದಿರುವುದು ಪ್ಯಾಸಡೀನಾ ನಗರದ ರೋಸ್ ಬೌಲ್ ಸ್ಟೇಡಿಯಂನಲ್ಲಿ. ಕ್ಯಾಂಪಸ್ಸಿನಿಂದ ಸುಮಾರು 40 ಕಿಲೋಮೀಟರ್. ಅದೂ ಲಾಸ್ ಏಂಜಲೀಸ್ ಟ್ರಾಫಿಕ್‌ನಲ್ಲಿ! ಈಗ ತಂಡ ಅದನ್ನೂ ಬಿಟ್ಟು ಇಂಗಲ್‌ವುಡ್‌ನ ಸೋಫೈ ಸ್ಟೇಡಿಯಂಗೆ ಹೋಗಲು ನೋಡುತ್ತಿದೆ ಅಂತ 2025ರಲ್ಲಿ ಪ್ಯಾಸಡೀನಾ ನಗರದವರು ಕೋರ್ಟಿಗೆ ಹೋದರು. ಒಪ್ಪಂದ 2044ರವರೆಗೆ ಇದೆ ಅನ್ನುವುದು ಅವರ ವಾದ.

ಈ ಜಗಳ ಓದಿದಾಗ ನನಗೆ ಮಿನೆಸೋಟಾ ನೆನಪಾಯಿತು.

ನಾನು ಅಲ್ಲಿಗೆ ಎಂ.ಎಸ್. ಮಾಡಲು ಹೋದದ್ದು 2006ರಲ್ಲಿ. ನಮ್ಮ ಯೂನಿವರ್ಸಿಟಿ ತಂಡದ ಹೆಸರು ಗೋಫರ್ಸ್. ಗೋಫರ್ ಅಂದರೆ ಬಿಲ ತೋಡುವ ಇಲಿಯಂಥ ಪ್ರಾಣಿ, ಹುಲಿ ಸಿಂಹ ಏನೂ ಅಲ್ಲ. 1924ರಿಂದ ಕ್ಯಾಂಪಸ್ಸಿನ ಇಟ್ಟಿಗೆ ಸ್ಟೇಡಿಯಂನಲ್ಲಿ ಆಡುತ್ತಿದ್ದವರು 1982ರಲ್ಲಿ ಮಿನಿಯಾಪೊಲಿಸ್ ಡೌನ್‌ಟೌನಿನ ಮೆಟ್ರೋಡೋಮ್ ಸ್ಟೇಡಿಯಂಗೆ ಗಂಟುಮೂಟೆ ಕಟ್ಟಿದ್ದರು. ಹಳೆಯ ಸ್ಟೇಡಿಯಂ ಆಮೇಲೆ ನೆಲಸಮ ಆಯಿತು.

ಮೆಟ್ರೋಡೋಮ್ ದೂರ ಏನೂ ಇರಲಿಲ್ಲ. ಮಿಸಿಸಿಪ್ಪಿ ನದಿ ದಾಟಿದರೆ ಆಯಿತು. ಆದರೂ ಎರಡು ವರ್ಷ ನನಗೆ ಯಾವ ಶನಿವಾರ ಪಂದ್ಯ, ಯಾವ ಶನಿವಾರ ಇಲ್ಲ ಅನ್ನುವುದೇ ಗೊತ್ತಾಗಲಿಲ್ಲ. ಒಂದೇ ಒಂದು ಸಲ ಹೋಗಿದ್ದೆ. ಬಟ್ಟೆಯ ಚಾವಣಿ, ಒಳಗೆ ಸೂರ್ಯ ಇಲ್ಲ, ಗಾಳಿ ಇಲ್ಲ, ಅರ್ಧ ಸೀಟು ಖಾಲಿ. ವೃತ್ತಿಪರ ತಂಡ ವೈಕಿಂಗ್ಸ್, ಬೇಸ್‌ಬಾಲಿನ ಟ್ವಿನ್ಸ್, ಅವರ ಜೊತೆ ನಮ್ಮವರು. ಬಾಡಿಗೆ ಮನೆಯಲ್ಲಿ ಹಬ್ಬ ಮಾಡಿದ ಹಾಗೆ. 2007ರಲ್ಲಂತೂ 12 ಪಂದ್ಯದಲ್ಲಿ ಗೆದ್ದದ್ದು ಒಂದು. ಕ್ಯಾಂಪಸ್ಸಿನಲ್ಲಿ ಯಾರೂ ಬೇಜಾರು ಸಹ ಮಾಡಿಕೊಂಡಂತೆ ಕಾಣಲಿಲ್ಲ. ನನಗೆ ಬೇಸರ ತರಿಸಿದ್ದು ಅದೇ.

2009ರ ಸೆಪ್ಟೆಂಬರ್ 12ಕ್ಕೆ ಕ್ಯಾಂಪಸ್ಸಿನಲ್ಲೇ ಹೊಸ ಸ್ಟೇಡಿಯಂನ ಮೊದಲ ಪಂದ್ಯ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಬ್ಯಾಂಡಿನ ಸದ್ದು. ರಸ್ತೆ ತುಂಬ ಕಂದುಗೆಂಪು, ಹೊನ್ನಿನ ಬಣ್ಣದ ಅಂಗಿಗಳು. ಪಾರ್ಕಿಂಗ್ ಲಾಟಿನಲ್ಲಿ ಮಾಂಸ ಸುಡುವ ಹೊಗೆ (ನಾನು ಪುಳಿಚಾರು, ಮೂಗು ಮುಚ್ಚಿಕೊಂಡೇ ದಾಟಿದೆ). 1950ರ ದಶಕದಲ್ಲಿ ಇಲ್ಲೇ ಓದಿದ್ದ ಒಬ್ಬರು ಅಜ್ಜ ಮೊಮ್ಮಗಳಿಗೆ ತಮ್ಮ ಹಾಸ್ಟೆಲ್ ತೋರಿಸುತ್ತಿದ್ದರು. ನನ್ನ ಬಳಿ ಟಿಕೆಟ್ ಇರಲಿಲ್ಲ. ದಾವಣಗೆರೆಯ ರೂಮ್‌ಮೇಟ್ ಜೊತೆ ಹೊರಗೇ ನಿಂತಿದ್ದೆ. ನಿಯಮ ಒಂದೂ ಅರ್ಥ ಆಗದ ನಾವಿಬ್ಬರೂ ಒಳಗಿನ ಕೂಗು ಕೇಳಿ ಕೂಗಿದೆವು. ಏರ್ ಫೋರ್ಸ್ ಅಕಾಡೆಮಿಯ ತಂಡದ ಮೇಲೆ 20-13ಕ್ಕೆ ಗೆದ್ದೆವು. 'ಗೆದ್ದರು' ಅನ್ನದೆ 'ಗೆದ್ದೆವು' ಅಂದದ್ದು ಅವತ್ತೇ ಮೊದಲು.

ಊರ ತೇರನ್ನು ಪಕ್ಕದ ಊರಿನ ಬೀದಿಯಲ್ಲಿ ಎಳೆದರೆ ಅದು ತೇರೇ, ಸರಿ. ಆದರೆ ನಮ್ಮ ಜಗಲಿಯ ಮುಂದೆ ಬರುವುದಿಲ್ಲ ಅಲ್ವಾ?

ಇನ್ನು ದುಡ್ಡು. ಆ ಸ್ಟೇಡಿಯಂಗೆ ಸುಮಾರು 28.8 ಕೋಟಿ ಡಾಲರ್ ಖರ್ಚಾಯಿತು. ವರ್ಷಕ್ಕೆ ಆರೇಳು ತವರು ಪಂದ್ಯಕ್ಕೆ! ಫೀಸಿನಲ್ಲಿ ನಮ್ಮಿಂದಲೂ ವರ್ಷಕ್ಕೆ 25 ಡಾಲರ್ ಕಿತ್ತರು. ಅವತ್ತು ನಾನು ಜೋರಾಗಿಯೇ ಬೈದಿದ್ದೆ. ಆ ಬೈಗುಳ ಪೂರ್ತಿ ವಾಪಸ್ ತಗೊಳ್ಳುವುದಿಲ್ಲ. ಸ್ಟೇಡಿಯಂ ಕಟ್ಟಿದ ತಕ್ಷಣ ಜನ, ಗೆಲುವು ತಾನಾಗಿ ಬರುವುದೂ ಇಲ್ಲ. ಒಹಾಯೋದ ಆಕ್ರನ್ ಯೂನಿವರ್ಸಿಟಿಯೂ 2009ರಲ್ಲೇ ಕ್ಯಾಂಪಸ್ಸಿನಲ್ಲಿ ಹೊಸದು ಕಟ್ಟಿತು. ಮುಂದಿನ ಮೂರು ವರ್ಷವೂ ತಂಡ ಗೆದ್ದದ್ದು ವರ್ಷಕ್ಕೆ ಒಂದೇ ಪಂದ್ಯ. ನನಗೆ ಹಿಡಿಸಿದ್ದು ನ್ಯೂ ಆರ್ಲಿಯನ್ಸಿನ ಟುಲೇನ್ ಯೂನಿವರ್ಸಿಟಿ ಮಾಡಿದ್ದು. 70 ಸಾವಿರಕ್ಕೂ ಜಾಸ್ತಿ ಸೀಟಿನ ಸೂಪರ್‌ಡೋಮ್ ಬಿಟ್ಟು 2014ರಲ್ಲಿ ಕ್ಯಾಂಪಸ್ಸಿನಲ್ಲಿ 30 ಸಾವಿರದ್ದು ಕಟ್ಟಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು.

ಎಲ್ಲ ಕಡೆ ಇದು ನಡೆಯಬೇಕು ಅಂತಲೂ ನಾನು ಹೇಳುವುದಿಲ್ಲ. ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿ ಇಂಥದ್ದೇ ಯೋಜನೆ ಹಾಕಿದಾಗ ಸುತ್ತಲಿನ ನಿವಾಸಿಗಳು ಜೋರಾಗಿ ವಿರೋಧಿಸಿದರು. ಹೆಚ್ಚಿನವರು ಕಪ್ಪುಜನ, ಬಡವರು. ಅಲ್ಲಿ ನಾನು ಅವರ ಪರ. ಮಿನಿಯಾಪೊಲಿಸ್‌ನಲ್ಲಿ ಪಂದ್ಯದ ದಿನ ನನ್ನ ಕಾರನ್ನೇ ಎಳೆದುಕೊಂಡು ಹೋಗಿದ್ದರು, ಬಿಡಿಸಿಕೊಳ್ಳಲು ಆ ತಿಂಗಳ ದಿನಸಿ ದುಡ್ಡು ಹೋಯಿತು. ಪಕ್ಕದಲ್ಲೇ ಬದುಕುವವರಿಗೆ ವರ್ಷ ವರ್ಷ ಇದೇ ಪಾಡು ಅಂದರೆ?

ಯುಸಿಎಲ್‌ಎ ಕ್ಯಾಂಪಸ್ಸಿನಲ್ಲೇ ಡ್ರೇಕ್ ಸ್ಟೇಡಿಯಂ ಅಂತ ಒಂದಿದೆ. ಚಿಕ್ಕದು, ಓಟದ ಟ್ರ್ಯಾಕ್ ಇರುವಂಥದ್ದು. ಫುಟ್‌ಬಾಲ್‌ಗೆ ಸಾಲದು. ದೊಡ್ಡದು ಕಟ್ಟಲು ಕ್ಯಾಂಪಸ್ ಇರುವ ವೆಸ್ಟ್‌ವುಡ್ ಬಡಾವಣೆಯಲ್ಲಿ ಜಾಗ ಎಲ್ಲಿದೆ? ಹಾಗಾಗಿ ಕೋರ್ಟಿನಲ್ಲಿ ನಡೆದಿರುವುದು ಎರಡು ಬಾಡಿಗೆ ಮನೆಗಳ ನಡುವಿನ ಜಗಳ.

ಅಕ್ಕನ ಮಗನಿಗೆ ಕೇಳಿದೆ, "ನಿಂಗೆ ಯಾವುದು ಬೇಕೋ, ರೋಸ್ ಬೌಲಾ, ಸೋಫೈಯಾ?"

"ಯಾವುದಾದ್ರೂ ಸರಿ ಮಾವ. ಮ್ಯಾಚ್ ಮುಗಿದ ಮೇಲೆ ಬಸ್ ಬೇಗ ಬಿಟ್ರೆ ಸಾಕು. ಸೋಮವಾರ ನಂಗೆ ಮಿಡ್‌ಟರ್ಮ್ ಇದೆ."